ಅಂಬಿಗ ಒಪ್ಪದ ನಾಣ್ಯ

ಪಿತೃಗಳಿಗೆ ಕೈಮುಗಿದುಕೊಂಡೇ ಹೇಳುತ್ತೇನೆ. ಇದು ನಡೆದದ್ದು ನಮ್ಮೂರು ಸಿಸ್ಕಿಯಾದಲ್ಲಿ, ನಮ್ಮ ಪಕ್ಕದ ಮನೆಯ ಡಾಸಿಯಸ್‌ಗೆ. ರೋಮಿನ ದೊರೆ ಗಲ್ಲಿಯೇನಸ್‌ನ ಟಂಕಸಾಲೆಯಲ್ಲಿ ತಾಮ್ರದ ನಾಣ್ಯಕ್ಕೆ ಬೆಳ್ಳಿಯ ತೆಳು ಲೇಪ ಕೊಡುವುದು ಅವನ ಕೆಲಸ. ಯುದ್ಧದ ಮೇಲೆ ಯುದ್ಧ. ಬೊಕ್ಕಸದಲ್ಲಿ ಬೆಳ್ಳಿಯೆಲ್ಲಿ ಉಳಿದಿತ್ತು?

ಅವತ್ತು ಕೆಲಸ ಮುಗಿಯುವಷ್ಟರಲ್ಲಿ ಕಗ್ಗತ್ತಲು. ಗೋರಿಗಳ ದಾರಿಯ ಬಾವಿ ದಾಟಿಯೇ ಮನೆಗೆ ಹೋಗಬೇಕು. ತಾಯಿಯನ್ನು ಮಣ್ಣು ಮಾಡಿದ ಸೂತಕ ಇನ್ನೂ ಕಳೆದಿರಲಿಲ್ಲ...

ಕಟಕ್.

ಲೋಹ ಹಲ್ಲಿಗೆ ತಾಗಿದ ಸದ್ದು. ಮತ್ತೆ... ಕಟಕ್.

ಬಾವಿಕಟ್ಟೆಯ ಮೇಲೆ ಕೂತಿದ್ದಳು. ಮೊಣಕಾಲವರೆಗೂ ಕೆಸರು.

“ಅಮ್ಮಾ...?”

“ಮೆಲ್ಲಗೆ ಮಾತಾಡೋ. ದೋಣಿಯಿಂದ ಇಳಿಸಿಬಿಟ್ಟ ಕಣೋ.”

“ಯಾರು?”

“ಸತ್ತವರನ್ನ ದಾಟಿಸೋ ಅಂಬಿಗ. ದೋಣಿ ಕೂಲಿಗೆ ಅಂತ ನೀನು ನನ್ನ ಬಾಯಲ್ಲಿಟ್ಟ ಕಾಸು ಕಚ್ಚಿ ನೋಡಿದ. ‘ಇದು ನಿನ್ನ ಮಗನ ಕೈಕೆಲಸವೇನಮ್ಮ?’ ಅಂತ ನಕ್ಕ... ಎಲ್ಲರೆದುರಿಗೆ!”

ಬಾಯಲ್ಲಿದ್ದ ನಾಣ್ಯವನ್ನು ಅಂಗೈಗೆ ಉಗಿದಳು. ಬೆಳ್ಳಿಯ ಲೇಪ ಸುಲಿದು, ಅದರ ಮೇಲಿನ ದೊರೆಯ ಕೆನ್ನೆ ತಾಮ್ರದ ಕೆಂಪಾಗಿತ್ತು.

“ಬೆಳಗಾಗೋದ್ರೊಳಗೆ ದಾಟದಿದ್ರೆ ನಾನು ಈ ದಡದಲ್ಲೇ... ಚಳಿ ಕಣೋ ಮಗ.”

ಡಾಸಿಯಸ್ ಓಡಿದ. ಮನೆಯಲ್ಲಿ ಅಸಲಿ ಬೆಳ್ಳಿ ಅಂತ ಇದ್ದದ್ದು ಒಂದೇ: ಹಳೆಯ ದೊರೆಯ ನಾಣ್ಯ, ದೃಷ್ಟಿಯಾಗದಿರಲಿ ಎಂದು ಮಗಳ ಕೊರಳಿಗೆ ಕಟ್ಟಿದ್ದು. ಅದನ್ನು ಉಳಿಸಿಕೊಳ್ಳಲೆಂದೇ ತಾಯಿಯ ಬಾಯಿಗೆ ಹೊಸ ನಾಣ್ಯ ಇಟ್ಟಿದ್ದ.

ನಡೆದದ್ದನ್ನೆಲ್ಲ ಕೇಳಿ ಹೆಂಡತಿ ಉರ್ಸಾ ಅಂದಳು, “ಸತ್ತವರಿಗೇನು ಗೊತ್ತಾಗುತ್ತೆ ಅಂದೋರು ನೀವೇ ತಾನೆ?”

“ತಪ್ಪಾಯ್ತು,” ಅಂದ. ನಿದ್ದೆಯಲ್ಲಿದ್ದ ಮಗುವಿನ ಕೊರಳ ದಾರವನ್ನು ಅವಳೇ ಕತ್ತರಿಸಿದಳು. “ಮಗೂನ ಮನೆದೇವರು ಕಾಯ್ತಾರೆ. ಅತ್ತೇನ ಚಳೀಲಿ ಕೂರಿಸಬೇಡಿ. ಓಡಿ!”

ಸತ್ತವರಿಗೆ ಹಾಲು, ದ್ರಾಕ್ಷಾರಸ ಎರೆಯಲು ಗೋರಿಯ ಮೇಲೆ ಮಣ್ಣಿನ ಕೊಳವೆ ಇರುತ್ತದಲ್ಲ, ನೇರ ಬಾಯಿಗೇ ಇಳಿಯುವಂಥದ್ದು... ತಾಯಿಯ ಗೋರಿಯ ಆ ಕೊಳವೆಯೊಳಕ್ಕೆ ನಾಣ್ಯ ಬಿಟ್ಟ.

ಟಣ್... ಟಣ್...

ಆಮೇಲೆ ಸದ್ದಿಲ್ಲ. ಕೊಳವೆಗೆ ಕಿವಿಯಿಟ್ಟ. ಬಹಳ ಹೊತ್ತು... ಎಲ್ಲೋ ಆಳದಲ್ಲಿ, ಚಳಕ್... ಚಳಕ್... ಹುಟ್ಟು ಹಾಕುವ ಸದ್ದು. ದೂರ, ಇನ್ನೂ ದೂರ. ಡಾಸಿಯಸ್ ಹಣೆಯನ್ನು ಮಣ್ಣಿಗೆ ಹಚ್ಚಿ ಅತ್ತ. ತಪ್ಪೊಪ್ಪಿಕೊಂಡವರ ಕೈಯನ್ನು ದೇವರುಗಳು ಬಿಡುವುದಿಲ್ಲ; ನಾನು ನಂಬಿದ್ದೇನೆ.

ಬೆಳಿಗ್ಗೆ ಹಾಲು ತೆಗೆದುಕೊಂಡು ನಾನೂ ಅವನ ಜೊತೆ ಗೋರಿಗೆ ಹೋದೆ. ಅದು ದಿಬ್ಬ, ನದಿ ಇರುವುದು ಊರಿನ ಆಚೆ ಬದಿಗೆ. ಮಳೆ ಬಿದ್ದು ಎಷ್ಟೋ ದಿನವಾಗಿತ್ತು. ಕೊಳವೆಯ ಬಾಯಲ್ಲಿ ಒಂದೆಳೆ ನೀರುಪಾಚಿ... ಹಸಿ, ತಣ್ಣಗೆ. ಸುಳ್ಳಲ್ಲ, ಇದೇ ಕೈಯಲ್ಲಿ ಎಳೆದೆ. ಎಳೆದಷ್ಟೂ ಬರುತ್ತಲೇ ಇತ್ತು... ಕೊನೆಗೆ ಕೈಬಿಟ್ಟೆ.