ಈ ಮನೇಲಿ ಮಾತ್ರ ಕೇಳ್ನಿಲ್ಲ

ನಗ್ಬ್ಯಾಡಿ ಅವ್ವಾರೆ, ಎಣ್ಣೆ ಬಟ್ಲು ಉರುಳ್ಕತದೆ! ಕಾಲು ಅಲ್ಲಾಡಿಸ್ಬ್ಯಾಡಿ ಅಂದ್ರೆ... ಅಯ್ಯ, ಸುಳ್ಳಲ್ಲ ಕಣವ್ವಾರೆ! ಆಣೆ ಇಕ್ಬಾರ್ದು ಅಂತಾರೆ ನಮ್ ಪಾಸ್ಟರು, ಆದ್ರೂ ನಿಮ್ಮಾಣೆ. ಉಡಿಗಾಲದ ಮೂಗಯ್ಯನ ಎಂಡ್ರು ರಾಗಿ ಚೀಲನೇ ಎಳ್ಕಂಡ್ ಬಂದು ನನ್ ಮುಂದೆ ಇಕ್ಬುಟ್ಲು! ನಾನು "ಮಿಶನ್ಗೆ ಏನಾರ ಕೊಡ್ರವ್ವ" ಅಂದ್ನಾ... ಆವಮ್ಮ ನನ್ನ ಇಟ್ಟಿನ ಮಿಶನ್ನೋಳು ಅಂದ್ಕಂಡದೆ! "ನುಣ್ಣುಗೆ ಬೀಸ್ಬುಡು, ಸಂಜಿಗೆ ಬಂದು ಈಸ್ಕತೀನಿ" ಅಂತು.

ಊಂ ಮತ್ತೆ! ಬಿಡಿಸಿ ಬಿಡಿಸಿ ಯೋಳ್ದೆ. ಇದು ಬ್ಯಾರೆ ಮಿಶನ್ನು ಕಣವ್ವ, ನಮ್ ಚರ್ಚಿಂದ ಒಬ್ರನ್ನ ಒಂದ್ ವರ್ಸ ಫಾರಿನ್ಗೆ ಕಳುಸ್ತಾರೆ, ಆಫ್ರಿಕಾದಲ್ಲಿ ಜಾಂಬಿಯಾ ಅಂತ ದೇಶ, ಅಲ್ಲಿ ಅಪ್ಪ ಅವ್ವ ಇಲ್ದಿರೋ ಮಕ್ಳ ಮನೆ ಅದೆ, ಅವ್ರ ಸೇವೆ ಮಾಡಕ್ಕೆ... ಇಮಾನದ ಚಾರ್ಜಿಗೆ ಮನೆಮನೇಲೂ ಕಾಸು ಎತ್ತಿವ್ನಿ ಅಂತ. ಎಲ್ಲಾ ಕೇಳ್ತು. ತಲೆ ಆಡಿಸ್ತು. ಆಮ್ಯಾಕೆ ಏನಂತು ಗೊತ್ತಾ? "ಸರಿ... ಅಂಗಾರೆ ರಾಗಿ ಬೀಸಕಿಲ್ವಾ?"

ಮೆತ್ತುಗೆ ನಗಿ, ಮೆತ್ತುಗೆ! ನಿಮ್ ಸೊಸೆ ನಾಗರತ್ನಮ್ಮಾರು ಒಳುಗವ್ರೆ. "ಗ್ಯಾನಮ್ಮ, ಅತ್ತೆ ಕಾಲು ನೀವಕ್ಕೆ ಬಂದ್ಯೋ, ನಾಟ್ಕ ಆಡಕ್ಕೆ ಬಂದ್ಯೋ" ಅಂತ ನನ್ನೇ ಬೈತಾರೆ.

ಊಂ, ಹರದನಹಳ್ಳಿಗೂ ಓಗಿದ್ದೆ. ಅಲ್ಲಿ ಚಿಕ್ಕಬೀರಯ್ಯ ಅಂತ ಮುದ್ಕಪ್ಪ, "ಕಾಸಿಲ್ಲ ಕಣವ್ವ, ಬರಿಗೈಲಿ ಕಳುಸ್ನಾರೆ" ಅಂತ ಒಂದು ಕೋಳಿ ಇಡ್ದು ಕಂಕುಳಿಗೆ ಇಕ್ಬುಟ್ಟ! ಮೊಕ ಯಾಕಂಗೆ ಕಿವಿಚ್ಕತೀರಿ? ಕುಯ್ನಿಲ್ಲ ಬುಡಿ! ಬಸ್ಸತ್ತುದ್ನಾ... ಕಂಡಕ್ಟ್ರು ನನ್ನ ನೋಡ್ದ, ಕೋಳಿ ನೋಡ್ದ, "ಎಂಗುಸ್ರಿಗೆ ಫ್ರೀ ಕಣಮ್ಮ, ಕೋಳಿಗೆ ಟಿಕೀಟು ತಕ" ಅಂದ. ನಾನು ಬುಟ್ನಾ? "ಇದೂ ಎಂಗುಸೇ ಕಣಪ್ಪ, ಬೇಕಾರೆ ನೋಡ್ಕ" ಅಂದೆ! ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಗ್ತು. ಟಿಕೀಟು ಕೊಡ್ನಿಲ್ಲ. ಪಕ್ದಲ್ಲಿದ್ದ ಎಂಗುಸ್ರು ಆ ಕೋಳಿನ ನನ್ತಾವೇ ಕೊಂಡ್ಕಂಡ್ಲು. ದುಡ್ಡು ಸೀದಾ ಡಬ್ಬಿಗೆ!

ಲಾರಿ ಶಿವಶಂಕರ ಗೊತ್ತಲ್ಲ? ನಿಮ್ ಮಗನ ಮಂಡಿಯಿಂದ ಕೇರಳಕ್ಕೆ ಈರುಳ್ಳಿ ಒಡೀತಾನಲ್ಲ, ಅವ್ನೇಯ. ಒಸ ಲಾರಿ ತಂದಿದ್ದ. ಪೂಜೆ ಮಾಡ್ಸಿ, ಚಕ್ರದಡಿಗೆ ನಿಂಬೆಅಣ್ಣು ಮಡುಗಿ, ಆಗ ನನ್ನ ಕಂಡು "ಅಕ್ಕಾ, ನಿಮ್ ದೇವ್ರುಗೂ ಒಂದ್ ಮಾತು ಯೋಳ್ಬುಡು, ವೈನಾಡ್ ಘಾಟು ಇಳೀಬೇಕು" ಅಂದ. ಬಾನೆಟ್ ಮ್ಯಾಲೆ ಕೈ ಮಡುಗಿ ಪ್ರಾರ್ಥನೆ ಮಾಡ್ದೆ. ಆಮೆನ್ ಅಂದ್ಕೂಡ್ಲೆ ಕೇರಳದ ಕ್ಲೀನರ್ ಉಡ್ಗ ನಮ್ ಪಾಸ್ಟರಿಗಿಂತ ಜೋರಾಗಿ ಆಮೆನ್ ಅಂತ ಕೂಗ್ದ! ಶಿವಶಂಕರ ಡಬ್ಬಿ ತುಂಬ್ಸೇ ಕಳುಸ್ದ.

ಆಂ? ಯಾರು ಓಗದು ಅಂತನಾ? ಅದೇ... ನಮ್ ಸಬೆಯೋರೇ ಒಬ್ರು. ಕಲ್ತ ಉಡ್ಗೀರು ಇದ್ದಾರಲ್ಲ... ಈ ಕಾಲು ಸಾಕು, ಆ ಕಾಲು ಇತ್ಲಾಗ್ ಕೊಡಿ.

ಏನಂದ್ರಿ?... ಇಲ್ಲಿ ಯಾಕೆ ಕೇಳ್ನಿಲ್ಲ ಅಂತನಾ? ಅಯ್ಯ, ಕೋಪ ಮಾಡ್ಕಬ್ಯಾಡಿ. ನಿಮ್ ಕೈ ದೊಡ್ಡದು ಅಂತ ನಂಗೊತ್ತಿಲ್ವಾ? ನಿಮ್ ಮಗ ಪ್ರಸಾದಣ್ಣಾರೂ ಇಲ್ಲ ಅಂತಿರ್ನಿಲ್ಲ. ಅದೂ... ಈರುಳ್ಳಿ ರೇಟು ಬಿದ್ದೋಗದೆ ಅಂತಿದ್ರು... ಈಗ ಎದ್ದದಾ? ಓ... ಬುಡಿ, ಅದಿರ್ಲಿ. ಇನ್ನೊಂದ್ ಕತೆ ಕೇಳಿ, ಇದು ಎಲ್ಲಕ್ಕಿಂತ ಚೆನ್ನಾಗದೆ.

ಗಂಗಾಧರಸ್ವಾಮಿ ಮೇಷ್ಟ್ರು ಇಲ್ವಾ, ರಿಟೈರ್ ಆದೋರು? ಅವ್ರ ಮನೆ ಗೇಟು ತಗುದ್ನೋ ಇಲ್ವೋ, "ಏನಮ್ಮ, ಎಲ್ಲೋ ಇರೋ ಜನದ ತಲೆ ಕೆಡಿಸೋದಕ್ಕೆ ನನ್ ದುಡ್ಡೇ ಬೇಕಾ?" ಅಂತ ಗದರ್ಕಂಡ್ರು. ಬೀದಿಯೋರೆಲ್ಲ ಈಚಿಗೆ ಬಂದ್ ನಿಂತ್ರು. ನಂಗೆ ಓಡೋಗ್ಬುಡನ ಅನ್ನುಸ್ತು. ಆದ್ರೂ ಗಟ್ಟಿ ಮನ್ಸ ಮಾಡ್ಕಂಡು, "ಸ್ವಾಮಿ, ಭಾಷಣ ಮಾಡಕ್ಕೆ ನಂಗೆಲ್ಲಿ ಬತ್ತದೆ? ನಾನು ಓಯ್ತಿರದು ಆ ಮಕ್ಳಿಗೆ ಮುದ್ದೆ ತಿರುವಕ್ಕೆ, ತಲೆ ಬಾಚಕ್ಕೆ" ಅಂದೆ. ಅವ್ರು ಗೇಟ್ ತಾವ ಬಂದು, "ಅಲ್ಲೂ ಮುದ್ದೆ ತಿಂತಾರಾ?" ಅಂದ್ರು! "ಊಂ ಸ್ವಾಮಿ, ಮುಸುಕಿನ ಜೋಳದ್ದು, ಬೆಳ್ಳಗಿರ್ತದಂತೆ" ಅಂದೆ. "ದುಡ್ಡು ಕೊಡಲ್ಲ. ಬಿಸ್ಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡ್ದು ಹೋಗು" ಅಂತ ಅವ್ರೇ ಒಳುಗೋಗಿ ದೊಡ್ ಲೋಟದಲ್ಲಿ...

ಯಾಕವ್ವಾರೆ? ನಗ್ನೇ ಇಲ್ವಲ್ಲ?

ಚೆನ್ನಾಗಿಲ್ವಾ?... ಯಾಕಂಗ್ ನೋಡೀರಿ? ನಾನೇನಂದೆ ಈಗ? ಮುದ್ದೆ ತಿರುವಕ್ಕೆ, ತಲೆ ಬಾಚಕ್ಕೆ... "ನಾನು ಓಯ್ತಿರದು" ಅಂದ್ನಾ?...

ಅಂದ್ಬುಟ್ನಾ!

ಊಂ ಕಣವ್ವಾರೆ. ನಾನೇಯ. ಉಡ್ಗೀರೂ ಇಲ್ಲ, ಯಾರೂ ಇಲ್ಲ.

ಕಾಲು ಎಳ್ಕಬ್ಯಾಡಿ ಅವ್ವಾರೆ... ಬೈಯಿರಿ ಬೇಕಾರೆ.

ಯೆಂಗಾಯ್ತು ಅಂತ ಯೋಳ್ಬುಡ್ತೀನಿ. ಪಾಸ್ಟರು "ಒಂದು ವರ್ಸಕ್ಕೆ ಯಾರು ಓಯ್ತೀರಿ, ಎದ್ ನಿಂತ್ಕಳಿ" ಅಂದ್ರು. ಒಬ್ರೂ ಏಳ್ನಿಲ್ಲ. ನಾನು ಎದ್ದುದ್ದು ಫ್ಯಾನ್ ಆಫ್ ಮಾಡಕ್ಕೆ! ದೇವ್ರಾಣೆ, ಫ್ಯಾನು ಕಿರ್ ಕಿರ್ ಅಂತಿತ್ತು. ಎದ್ದೋಳ್ನ ನೋಡಿ ಎಲ್ರೂ ಚಪ್ಪಾಳೆ ಹೊಡ್ದುಬುಟ್ರು. "ಅಲ್ಲ ಕಣ್ರಪ್ಪ, ಫ್ಯಾನು..." ಅಂತ ಅನ್ಬೋದಾಗಿತ್ತು. ಬಾಯಿಗೆ ಬಂತು. ಆದ್ರೆ ಕೂತ್ಕಳಕ್ಕೆ ಮನ್ಸೇ ಬರ್ನಿಲ್ಲ ಅವ್ವಾರೆ. ಗುಂಡ್ಲುಪೇಟೆಲೇ ಉಟ್ಟಿ ಬೆಳ್ದೋಳು, ದಿನ ಬೆಳುಗಾದ್ರೆ ಮನೆ ಮುಂದೆ ಲಾರಿ ಓಯ್ತವೆ, ಎಲ್ಲೆಲ್ಲಿಗೋ ಓಯ್ತವೆ... ನಾನು ಬಂಡೀಪುರದ ಗೇಟು ದಾಟ್ದೋಳಲ್ಲ. ನನ್ ಗಂಡ ಸತ್ತ, ಮಗಳು ಅವಳ ಮನೇಲಿ ಚೆನ್ನಾಗವ್ಳೆ. ಈ ಕೈಗೆ ಇನ್ನೂ ಶಕ್ತಿ ಅದೆ. ಇಮಾನ ಅತ್ತೋ ಆಸೇನೂ ಅದೆ, ಸುಳ್ಯಾಕೆ.

ಊರೆಲ್ಲ ಕೇಳ್ದೆ. ನಾಚ್ಕೆ ಆಗ್ನಿಲ್ಲ. ಈ ಮನೇಲಿ ಕೇಳುದ್ರೆ, ಯಾರು ಓಗದು ಅಂತ ನೀವು ಕೇಳೇ ಕೇಳ್ತೀರಿ ಅಂತ... ಬಚ್ಚಲ್ಲಿ ಜಾರಿ ಬಿದ್ದು ಸೊಂಟ ಮುರ್ಕಂಡಾಗಿಂದ ನಾನು ಬರ್ದೆ ನೀವು ಕಾಫಿ ಕೂಡ ಕುಡಿಯಕಿಲ್ಲ. ನಿಮ್ಗೆ ಯೆಂಗ್ ಯೋಳ್ಲಿ? ಅದ್ಕೇ ದಿನಾ ಬಂದು ನಗ್ಸದು, ನಾಳಿಕ್ ಯೋಳನ ಅನ್ಕಳದು... ಇಂಗೇ ಆಯ್ತು.

ಪುಟ್ಟಸಿದ್ದಮ್ಮ ಬತ್ತಾಳೆ ನನ್ ಬದ್ಲು. ಕೈ ವಸಿ ಒರಟು, ಮನ್ಸ ಚಿನ್ನ. ಎಣ್ಣೆ ಎಷ್ಟು ಬೆಚ್ಚುಗಿರ್ಬೇಕು, ಯಾವ್ ಕಾಲು ಮೆತ್ತುಗೆ ನೀವ್ಬೇಕು, ಎಲ್ಲಾ ಯೋಳ್ಕೊಟ್ಟಿವ್ನಿ. ಆದ್ರೂ... ನೀವು ಬ್ಯಾಡ ಅಂದ್ರೆ...

ಇಲ್ಲ. ನೀವು ಬ್ಯಾಡ ಅಂದ್ರೂ ಓಯ್ತೀನಿ ಅನ್ಸ್ತದೆ. ಅದ್ಕೇ ಎದ್ರುಕೆ.

ಏನು?... ಏನ್ ಬೇಕು? ಗೂಡಲ್ಲಿರದಾ? ವಿಭೂತಿ ಗಟ್ಟಿನಾ? ತಕಳಿ... ಪೂಜೆ ಬೆಳುಗ್ಗೆನೇ ಆಯ್ತಲ್ಲ ನಿಮ್ದು... ಅಯ್ಯ, ನಂಗ್ಯಾಕವ್ವಾರೆ! ನಾನು ಚರ್ಚಿನೋಳು... ಬಗ್ಬೇಕಾ?... ಊಂ, ಬಗ್ಗಿವ್ನಿ. ನನ್ ಅಣೆಗೆ ನೀವೇ ಇಕ್ತೀರಾ?... ನಿದಾನ...

ಇಲ್ಲ, ಒರುಸ್ಕಳಕಿಲ್ಲ. ಪಾಸ್ಟರು ಕೇಳುದ್ರೆ, ನಮ್ಮವ್ವಾರು ಅಚ್ಚವ್ರೆ ಅಂತೀನಿ. ಅವ್ರೂ ಏನೂ ಅನ್ನಕಿಲ್ಲ, ಅಂದ್ರೆ ಅನ್ಲಿ.

ಓಗ್ಬುಟ್ ಬಾ ಅಂತ ತಾನೆ ಇದು?

ಊಂ... ಬತ್ತೀನಿ ಅವ್ವಾರೆ. ಬಂದೇ ಬತ್ತೀನಿ.