ಒದ್ದೆ ಪ್ಲಗ್

ನಗಬೇಡಿ. ಇದು ನಮ್ಮ ಭಾವನಿಗೇ ಆದದ್ದು. ಸುಳ್ಳು ಹೇಳಿ ನನಗೇನಾಗಬೇಕಿದೆ?

ಒಂದು ರಾತ್ರಿ ಪ್ರೆಸ್ಸಿನ ಕೆಲಸ ಮುಗಿಸಿ ಭಾವ ಒಬ್ಬನೇ ಮನೆಗೆ ಬರುತ್ತಿದ್ದ. ಹಳೇ ಬಾವಿ ದಾಟಬೇಕು... ಅಷ್ಟರಲ್ಲಿ ಸ್ಕೂಟರ್ ಗುರ್ರ್ ಎಂದಿತು. ಪುಟ್... ಪುಟ್... ನಿಂತೇಹೋಯಿತು.

ಭಾವನ ಸ್ಕೂಟರ್ ನಿಲ್ಲುವುದೆಂದರೆ! ಹೆಂಡತಿ ಕೆಮ್ಮಿದರೆ ಕಿವಿಗೆ ಹಾಕಿಕೊಳ್ಳದವನು, ಗಾಡಿ ಕೆಮ್ಮಿದರೆ ಊಟ ಬಿಡುತ್ತಿದ್ದ. ಹಳೇ ಬನಿಯನ್ನಿನಿಂದ ಒರೆಸುವುದು, ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿ ತಿಕ್ಕುವುದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುವುದು... “ನನ್ನ ಸವತಿಗೆ ಸ್ನಾನ ಆಯ್ತಾ?” ಎಂದು ಅಕ್ಕ ಕೇಳುತ್ತಿದ್ದಳು.

ಕಿಕ್ ಹೊಡೆದ. ಖಟ್. ಖಟ್. ಜೀವವಿಲ್ಲ. ಪ್ಲಗ್ ಬಿಚ್ಚಿ ಕೈಗೆ ತೆಗೆದುಕೊಂಡ. ಸುಡುವಷ್ಟು ಬಿಸಿಯಿರಬೇಕಾದ್ದು ತಣ್ಣಗಿತ್ತು. ತುದಿಯಿಂದ ನೀರು... ತೊಟ್... ತೊಟ್...

ಮಳೆಯಿರಲಿಲ್ಲ. ಗಾಡಿಗೆ ನೀರು ಸೋಕಿಸಿಯೇ ವಾರದ ಮೇಲಾಗಿತ್ತು. ತೊಳೆಯಲು ಅವನಿಗೆ ಮನಸ್ಸೇ ಬಂದಿರಲಿಲ್ಲ.

ಕೊನೇ ಸಲ ತೊಳೆದು, ಮೈ ಹೊಳೆಯುವಂತೆ ಒರೆಸಿ ನಿಲ್ಲಿಸಿದ್ದ ಸಂಜೆ ಪಕ್ಕದ ಮನೆಯ ಇಸ್ತ್ರಿ ಅಜ್ಜಿ ಬಂದಿದ್ದಳು. ಮೊಣಕಾಲವರೆಗೂ ಕೆಸರು.

“ಎದೆ ಹಿಡಿದ ಹಾಗಾಗ್ತಿದೆ ಮಗಾ. ಔಷಧಿ ಅಂಗಡಿವರೆಗೆ ಬಿಡ್ತೀಯಾ?”

ಭಾವ ಅವಳ ಮುಖ ನೋಡಲಿಲ್ಲ, ಕಾಲು ನೋಡಿದ. “ಈಗ ತಾನೇ ತೊಳೆದೆ ಅಜ್ಜಿ. ಪ್ಲಗ್‌ಗೆ ನೀರು ಹೋಗಿದೆ, ಸ್ಟಾರ್ಟ್ ಆಗಲ್ಲ.”

ಅಜ್ಜಿ ನಂಬಿದಳು. ನಡೆದೇ ಹೋದಳು. ಬೆಳಿಗ್ಗೆ ಬಾವಿಕಟ್ಟೆಗೆ ಒರಗಿದ ಹಾಗೇ ಸಿಕ್ಕಿದಳು. ಹೆಣದ ಮುಂದೆ ಕೂತಿದ್ದ ಅವಳ ಮಗಳು ಭಾವನಿಗೇ ಸಮಾಧಾನ ಹೇಳಿದಳು. “ನಿಮ್ಮ ಗಾಡಿ ನಿನ್ನೇನೇ ಕೈಕೊಡ್ಬೇಕಿತ್ತಾ ಅಣ್ಣಾ... ನೀವಾದ್ರೂ ಏನ್ಮಾಡ್ತೀರಾ.” ಭಾವ ತಲೆ ಎತ್ತಲಿಲ್ಲ. ನಾಚಿಕೆಯಿಂದ ಸತ್ತೇಹೋಗಿದ್ದ, ಆದರೂ ನಿಜ ಮಾತ್ರ ಬಾಯಿಗೆ ಬರಲಿಲ್ಲ.

ಈಗ ಅದೇ ಬಾವಿ. ಹಿಂದಿನಿಂದ ಚಪ್ಪಲಿ ಎಳೆಯುವ ಸದ್ದು. ಸರ್ರ್... ಪಟ್. ಸರ್ರ್... ಪಟ್. ಹತ್ತಿರ ಬಂದು ನಿಂತಿತು.

“ಇನ್ನೂ ಒಣಗಿಲ್ವಾ ಮಗಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಮರುಕವಿತ್ತು. ಬೈದಿದ್ದರೆ ಭಾವ ಗಾಡಿ ಬಿಟ್ಟು ಓಡುತ್ತಿದ್ದ. ಆ ಮರುಕಕ್ಕೆ ಅವನ ಕಾಲೇ ಏಳಲಿಲ್ಲ.

“ಅಜ್ಜಿ...” ಪಿಸುಗುಟ್ಟಿದ. “ಅವತ್ತು ಗಾಡಿ ಚೆನ್ನಾಗೇ ಇತ್ತು. ನಿನ್ನ ಕಾಲಲ್ಲಿ ಕೆಸರಿತ್ತು... ಅದಕ್ಕೆ ಹಾಗಂದೆ.”

“ಹೌದಾ...”

“ಈಗ ಹತ್ತು ಅಜ್ಜಿ. ಬಿಡ್ತೀನಿ.”

“ಬೇಡ ಬಿಡಪ್ಪಾ. ಗಾಡಿ ಕೊಳೆಯಾಗುತ್ತೆ.”

ಸರ್ರ್... ಪಟ್. ಸದ್ದು ಔಷಧಿ ಅಂಗಡಿಯ ದಾರಿ ಹಿಡಿಯಿತು. ಭಾವ ಕಣ್ಣುಮುಚ್ಚಿ ಕಿಕ್ ಹೊಡೆದ. ಒಂದೇ ಏಟಿಗೆ ಸ್ಟಾರ್ಟ್.

ಬೆಳಿಗ್ಗೆ ಅಂಗಿ ಒಗೆಯಲು ತೆಗೆದ ಅಕ್ಕ ಹೊರಗೆ ಬಂದಳು. “ರೀ, ಪ್ಲಗ್ ಯಾಕ್ರೀ ಜೇಬಲ್ಲಿದೆ?”

ಭಾವ ಓಡಿಹೋಗಿ ನೋಡಿದ. ಎಂಜಿನ್ನಿನಲ್ಲಿ ಪ್ಲಗ್ ಕೂರುವ ತೂತು ಖಾಲಿ. ಆಗಲೇ ಅವನು ಅಕ್ಕನೆದುರು ಬಾಯಿಬಿಟ್ಟದ್ದು. ಅಜ್ಜಿಯ ಮಗಳಿಗೂ ಹೋಗಿ ಹೇಳಿದ. ಅವಳು ಬೈಯಲಿಲ್ಲ. ಆದರೆ ಇವತ್ತಿನವರೆಗೂ ಅವನನ್ನು ಅಣ್ಣಾ ಎಂದು ಕರೆದಿಲ್ಲ.

ಪ್ಲಗ್ಗಿಲ್ಲದೆ ಗಾಡಿ ಹೊರಡುತ್ತದಾ, ಯಾವ ಮೆಕ್ಯಾನಿಕ್ಕನ್ನಾದರೂ ಕೇಳಿ. ಆದರೆ ಅವತ್ತು ರಾತ್ರಿ ಗಾಡಿ ಬಂದದ್ದು ನಿಜ. ಅಕ್ಕ ಎದ್ದು ಬಾಗಿಲು ತೆಗೆದದ್ದೇ ಅದರ ಸದ್ದು ಕೇಳಿ.