ಪೇಪರಿನಲ್ಲಿ ಬಂದ ಮಾಳಮ್ಮ

ನಿಜಾಮರ ಆಳ್ವಿಕೆ ಮುಗಿದು ಮೂರು ವರ್ಷವಾಗಿತ್ತು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಸುಗಲಮ್ಮನ ಕಿವಿ ಪಕ್ಕದ ಇಬ್ಬರು ಹೆಂಗಸರ ಮಾತಿಗೆ ಅಂಟಿಕೊಂಡಿತು.

“ನಿಮ್ಮ ಗೌಡ ರೇಷನ್ ಜೋಳ ಮುಚ್ಚಿಟ್ಟಿದ್ದು ಪೇಪರಿನ್ಯಾಗ ಬಂದದಲ್ಲ ಮಾಳವ್ವ, ಯಾರು ಹೇಳಿದ್ರು?”

“ನಾನೇ, ಚಿಗವ್ವ.”

“ಯವ್ವಾ! ಮೊದಲಾಗಿದ್ರ ನಿನ್ನ ಚಾವಡಿಗೆ ಎಳಸ್ತಿದ್ದ.”

“ಈಗ ಊರಿಗೂರೇ ಓದೇದ. ತಹಶೀಲ್ದಾರ ಬಂದು ನೆಲದಾಗ ಹುಗಿದಿದ್ದ ಅವನ ಜೋಳದ ಹಗೇವು ತೆಗಿಸಿ, ಮನಿಮನಿಗೆ ಜೋಳ ಅಳದು ಕೊಡಿಸ್ಯಾನ.”

“ಗಂಡನ ಹೆಸರೂ ಬರಸೀದೇನು?”

“ಕೇಳಿದ್ರು. ಗಂಡನ ಹೆಸರು ನನ್ನ ಬಾಯಿಲೆ ಹೆಂಗ ಹೇಳ್ಲಿ? ಬರೇ ‘ಮಾಳಮ್ಮ’ ಅಂತ ಹಾಕ್ಯಾರ.”

“ನಿನ್ನ ಗಂಡ ಏನಂದ?”

“ಪೇಪರ್ ಹಿಡಕೊಂಡು ಊರೆಲ್ಲ ತೋರಸಾಕತ್ತಾನ!”

ರೈಲು ಬಂತು. ನಗುತ್ತ ಎದ್ದು ಹೊರಟವರ ಹಿಂದೆ ಸುಗಲಮ್ಮ ಓಡಿದಳು.

“ತಂಗೀ, ಆ ಪೇಪರಿನವರು ಎಲ್ಲಿ ಸಿಗ್ತಾರ? ನಮ್ಮೂರಾಗೂ ಒಬ್ಬ ಗೌಡ ಅದಾನ!”